ಅಟ್ಟದ ಮಾಡಿಗೆ ಯಾವುದು: ಫಾಯಿಲ್ ಹಾಳೆ, ಗ್ಲಾಸ್‌ವೂಲ್, ಪಫ್ ಪ್ಯಾನೆಲ್?

ಶೀಟಿನ ಮಾಡಿನಿಂದ ಬೆಳಗಿನ ಜಾವ ಅಟ್ಟಕ್ಕೆ ನೀರು ತೊಟ್ಟಿಕ್ಕುತ್ತದೆ, ಏನು ಹಾಕಿಸಲಿ ಎಂದು ಕೇಳಿದ್ದೀರಿ. ಮೊದಲು ಅದು ಸೋರಿಕೆಯೋ ಅಲ್ಲವೋ ನೋಡಿ. ಸೋರಿಕೆ ಸಾಮಾನ್ಯವಾಗಿ ಒಂದೆರಡು ಕಡೆ ಇರುತ್ತದೆ. ಶೀಟಿನ ಅಡಿಗೆಲ್ಲ ಸಣ್ಣ ಹನಿ ಕೂತು, ಸ್ಕ್ರೂ ತುದಿಯಿಂದ ಬೀಳುತ್ತಿದ್ದರೆ ಅದು ಹವೆಯ ನೀರು. ಬಚ್ಚಲೊಲೆಯ ಹಬೆ ತಣ್ಣನೆ ಶೀಟಿಗೆ ತಾಗಿ ಆಗುವಂಥದ್ದು.

ಖರ್ಚಿನಲ್ಲಿ ಬಬಲ್ ಫಾಯಿಲ್ ಹಾಳೆಯೇ (ಗಾಳಿಗುಳ್ಳೆಯ ಪ್ಲಾಸ್ಟಿಕ್ಕಿಗೆ ಹೊಳೆಯುವ ಫಾಯಿಲ್ ಅಂಟಿಸಿದ್ದು) ಹಗುರ. ಇದ್ದ ಮಾಡಿನ ಅಡಿಗೇ ಹೊಡೆಯಬಹುದು. ಆದರೆ ಶೀಟಿಗೂ ಅದಕ್ಕೂ ಒಂದಿಂಚಾದರೂ ಜಾಗ ಬಿಡಿ, ಜೋಡಣೆಗೆಲ್ಲ ಟೇಪ್ ಹಾಕಿಸಿ. ಎರಡು ತಗಡಿನ ನಡುವೆ ಗಟ್ಟಿ ನೊರೆ ತುಂಬಿದ ಪಫ್ ಪ್ಯಾನೆಲ್ ಎಲ್ಲಕ್ಕಿಂತ ದುಬಾರಿ, ಹಳೇ ಶೀಟು ತೆಗೆಯಬೇಕು.

ಬಾಳಿಕೆಯ ವಿಷಯದಲ್ಲೇ ನನಗೆ ಗ್ಲಾಸ್‌ವೂಲ್ (ಗಾಜಿನ ಎಳೆಗಳ ಹಾಸು) ಬಗ್ಗೆ ಭಯ. ಒದ್ದೆಯಾದರೆ ಅದು ಶಾಖ ತಡೆಯುವುದಿಲ್ಲ. ಶಿರಸಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಒಣಗುವುದಾದರೂ ಯಾವಾಗ? ಹಾಕಿಸಲೇಬೇಕೆಂದರೆ ಫಾಯಿಲ್ ಅಂಟಿಸಿದ್ದನ್ನೇ ತನ್ನಿ, ಫಾಯಿಲ್ ಮುಖ ಕೋಣೆಯ ಕಡೆ ಇರಲಿ. ಶೀಟಿನ ಮೇಲೆ ಮಳೆ ಬೀಳುವ ಸದ್ದು ತಗ್ಗಿಸುವುದರಲ್ಲಿ ಮಾತ್ರ ಗ್ಲಾಸ್‌ವೂಲೇ ಮುಂದು. ಪಫ್ ನೊರೆಯೊಳಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಆದರೆ ಕಾರವಾರದ ಉಪ್ಪುಗಾಳಿಗೆ ಅದರ ತಗಡಿನ ಕತ್ತರಿಸಿದ ಅಂಚು, ಸ್ಕ್ರೂ ತುಕ್ಕು ಹಿಡಿಯುತ್ತವೆ. ಸ್ಟೇನ್‌ಲೆಸ್ ಸ್ಕ್ರೂ ಕೇಳಿ.

ಅಡಿಕೆ ಮೂಟೆ ಇಡುವ ಅಟ್ಟವಾದರೆ ಫಾಯಿಲ್ ಹಾಳೆ, ಜೊತೆಗೆ ಸೂರಿನಲ್ಲೂ ಮಾಡಿನ ತುದಿಯಲ್ಲೂ ಜಾಲರಿ ಹಾಕಿದ ಗಾಳಿಕಿಂಡಿ ಸಾಕು. ಮಲಗುವ ಕೋಣೆ ಹೊಸದಾಗಿ ಕಟ್ಟುತ್ತಿದ್ದರೆ ಪಫ್‌ಗೆ ಕೊಟ್ಟ ದುಡ್ಡು ದಂಡವಲ್ಲ. ಯಾವುದೇ ಹಾಕಿಸಿ, ಬಚ್ಚಲಿನ ಹಬೆಗೆ ಹೊರಗೆ ಹೋಗಲು ದಾರಿ ಮಾಡಿಸದೆ ಕೆಲಸ ಶುರು ಮಾಡಬೇಡಿ.