ಮೊದಲು ಪರದೆ, ಆಮೇಲೆ ಕಾರ್ಡ್: 50 ಸಾವಿರದೊಳಗೆ ನಾನು ಬಳಸಿ ನೋಡಿದ ಜೋಡಿಗಳು

ಗೇಮಿಂಗ್ ಕಂಪ್ಯೂಟರ್ ಕಟ್ಟುವವರಲ್ಲಿ ಹೆಚ್ಚಿನವರು ಮೊದಲು ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಆರಿಸಿ, ಉಳಿದ ಹಣಕ್ಕೆ ಸಿಕ್ಕಿದ ಮಾನಿಟರ್ ತರುತ್ತಾರೆ. ನಾನೂ ಹಾಗೆಯೇ ಮಾಡಿದೆ. 2024ರ ಆರಂಭದಲ್ಲಿ ಎರಡಕ್ಕೂ ಸೇರಿಸಿ 50 ಸಾವಿರ ರೂಪಾಯಿ ಎತ್ತಿಟ್ಟಿದ್ದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 29 ಸಾವಿರಕ್ಕೆ ಆರ್‌ಟಿಎಕ್ಸ್ 4060 ಕಾರ್ಡ್, 11 ಸಾವಿರಕ್ಕೆ 24 ಇಂಚಿನ 1080ಪಿ (ಮೇಲಿನಿಂದ ಕೆಳಗೆ 1080 ಸಾಲು ಚುಕ್ಕಿಗಳಿರುವ) ಐಪಿಎಸ್ ಮಾನಿಟರ್ ಕೊಂಡು ದಾವಣಗೆರೆಗೆ ಮರಳಿದೆ. ಅದೇ ಬೇಸಿಗೆಯಲ್ಲಿ ಚಿಕ್ಕಪ್ಪನ ಮಗ ತನ್ನ ಕಂಪ್ಯೂಟರನ್ನು ಹೊತ್ತುಕೊಂಡು ನಮ್ಮ ಮನೆಗೆ ಬಂದ. ಅವನದು ಆರ್‌ಎಕ್ಸ್ 6700 ಎಕ್ಸ್‌ಟಿ ಕಾರ್ಡ್, 27 ಇಂಚಿನ 1440ಪಿ ವಿಎ ಮಾನಿಟರ್. ಐಪಿಎಸ್, ವಿಎ ಎಂಬುವು ಪರದೆಯ ಪ್ಯಾನೆಲಿನ ಎರಡು ಬಗೆಗಳು. ಇಬ್ಬರದೂ ರೈಜೆನ್ 5 5600 ಪ್ರೊಸೆಸರ್. ಮೂರು ವಾರ ಕಾರ್ಡುಗಳನ್ನೂ ಪರದೆಗಳನ್ನೂ ಅದಲುಬದಲು ಮಾಡಿ ಆಡಿದೆವು.

ಕಾರ್ಡುಗಳ ವಿಷಯ ಮೊದಲು. 6700 ಎಕ್ಸ್‌ಟಿ 2021ರದ್ದು, 12 ಜಿಬಿ ಮೆಮೊರಿ ಇದೆ. 4060 ಬಂದದ್ದು 2023ರಲ್ಲಿ, ಇದರಲ್ಲಿರುವುದು 8 ಜಿಬಿ ಮಾತ್ರ. ಫೋರ್ಜಾ ಹೊರೈಜನ್ 5 ಮತ್ತು ಸೈಬರ್‌ಪಂಕ್ 2077 ಆಟಗಳೆರಡರಲ್ಲೂ, ರೇ ಟ್ರೇಸಿಂಗ್ (ಬೆಳಕು ನೆರಳುಗಳ ಭಾರಿ ಲೆಕ್ಕ) ಇಲ್ಲದೆ 1440ಪಿಯಲ್ಲಿ ಆಡಿದಾಗ ಹಳೆಯ ಕಾರ್ಡೇ ಸ್ವಲ್ಪ ಮುಂದಿತ್ತು. ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಗುಣಮಟ್ಟವನ್ನು ತುದಿಗೇರಿಸಿದರೆ ಅದು ಹಾಯಾಗಿ ಓಡುತ್ತಿತ್ತು. ಕೆಲವು ಹೊಸ ಆಟಗಳಲ್ಲಿ ನನ್ನ ಕಾರ್ಡಿನ ಮೆಮೊರಿ ತುಂಬಿ, ತಿರುವಿನಲ್ಲಿ ಚಿತ್ರ ಒಮ್ಮೆ ತಡವರಿಸಿ ಮುಂದೆ ಸಾಗುತ್ತಿತ್ತು. ಟೆಕ್ಸ್ಚರನ್ನು ಒಂದು ಮೆಟ್ಟಿಲು ಇಳಿಸಿದಾಗ ಆ ತಡವರಿಕೆ ಹೋಯಿತು. ಆಡುವಾಗ ಎರಡು ಮೆಟ್ಟಿಲುಗಳ ವ್ಯತ್ಯಾಸ ನನ್ನ ಕಣ್ಣಿಗೆ ಬೀಳಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ 6700 ಎಕ್ಸ್‌ಟಿಯೇ ಗೆಲ್ಲುತ್ತಿತ್ತು. ಆದರೆ ನಮ್ಮ ಮನೆಯ ಯುಪಿಎಸ್ ಬೇರೆ ಮಾತು ಹೇಳಿತು. ಅದು 600 ವೋಲ್ಟ್-ಆಂಪಿಯರ್ ಸಾಮರ್ಥ್ಯದ್ದು, ಎಂದರೆ ಹೊರಬಲ್ಲ ಭಾರ 360 ವ್ಯಾಟ್. 4060ಕ್ಕೆ ಬೇಕಾದದ್ದು 115 ವ್ಯಾಟ್, 6700 ಎಕ್ಸ್‌ಟಿಗೆ 230. ಪ್ರೊಸೆಸರ್, ಮಾನಿಟರ್, ಫ್ಯಾನುಗಳ ಲೆಕ್ಕ ಬೇರೆ. ಆಟದ ನಡುವೆ ವಿದ್ಯುತ್ ಹೋದಾಗ ನನ್ನ ಕಾರ್ಡಿದ್ದರೆ ಆಟ ಉಳಿಸಿ ಯಂತ್ರ ಆರಿಸುವಷ್ಟು ಹೊತ್ತು ಸಿಗುತ್ತಿತ್ತು. ಅವನ ಕಾರ್ಡಿದ್ದಾಗ ಯುಪಿಎಸ್ ಒಮ್ಮೆ ಕಿರುಚಿ ಎಲ್ಲವನ್ನೂ ಕತ್ತಲಾಗಿಸಿತು. ದಿನಕ್ಕೆ ನಾಲ್ಕು ಗಂಟೆ ಆಡಿದರೆ ಅವನ ಕಾರ್ಡಿಗೆ ತಿಂಗಳಿಗೆ ಸುಮಾರು 14 ಯೂನಿಟ್ ವಿದ್ಯುತ್ ಹೆಚ್ಚು ಬೇಕು. ಆ ವಿದ್ಯುತ್ತೆಲ್ಲ ಕೊನೆಗೆ ಕೋಣೆಯ ಬಿಸಿಯಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯ ಮಹಡಿ ಕೋಣೆಯಲ್ಲಿ ಕುಳಿತವರಿಗೆ ಇದು ಸಣ್ಣ ಸಂಗತಿಯಲ್ಲ. ನಾನು ಓದಿದ ಕಾರ್ಡುಗಳ ವಿಮರ್ಶೆಗಳಲ್ಲಿ ಇದಕ್ಕೆ ಒಂದು ಸಾಲೂ ಮೀಸಲಾಗದಿರುವುದು ನನಗೆ ಬೇಸರದ ವಿಷಯ.

ಇನ್ನು ಪರದೆ. 1080ಪಿಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳು, 1440ಪಿಯಲ್ಲಿ 36.9 ಲಕ್ಷ. ಕಾರ್ಡ್ ಎಷ್ಟು ದುಡಿಯಬೇಕು ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ನನ್ನ 24 ಇಂಚಿನ ಪರದೆಯಲ್ಲಿ ಇಂಚಿಗೆ 92 ಚುಕ್ಕಿಗಳಿದ್ದರೆ ಅವನ 27 ಇಂಚಿನದರಲ್ಲಿ 109. ಆಟಕ್ಕಿಂತ ಮೊದಲು ಈ ವ್ಯತ್ಯಾಸ ಕಂಡದ್ದು ಕನ್ನಡ ಅಕ್ಷರಗಳಲ್ಲಿ. 'ರಾಷ್ಟ್ರೀಯ', 'ಸ್ತ್ರೀ' ಎಂಬಲ್ಲಿ ಕೆಳಗಿರುವ ಒತ್ತಕ್ಷರಗಳು ನನ್ನ ಪರದೆಯಲ್ಲಿ ಒಂದಕ್ಕೊಂದು ಅಂಟಿಕೊಂಡಂತಿದ್ದವು, ಅವನದರಲ್ಲಿ ಮುದ್ರಿಸಿದ ಪುಟದಂತೆ ಬಿಡಿಬಿಡಿಯಾಗಿದ್ದವು. ಆಟ ಮುಗಿದ ಮೇಲೆ ಅದೇ ಪರದೆಯಲ್ಲಿ ಓದು ಬರಹ ಮಾಡುವವನಿಗೆ ಇದು ದಿನನಿತ್ಯದ ಸುಖ. 27 ಇಂಚಿನಲ್ಲಿ 1080ಪಿ ಮಾತ್ರ ಬೇಡವೇ ಬೇಡ. ಇಂಚಿಗೆ 82 ಚುಕ್ಕಿ ಎಂದರೆ ಕಡಿಮೆಯಾಯಿತು.

ಆದರೆ ಅವನ ವಿಎ ಪ್ಯಾನೆಲ್ ನನಗೆ ಒಗ್ಗಲಿಲ್ಲ. ಕಪ್ಪು ಆಳವಾಗಿತ್ತು, ನಿಜ. ರಾತ್ರಿಯ ದೃಶ್ಯ ನಿಂತಲ್ಲೇ ನೋಡಲು ಬಹಳ ಚೆಂದ. ಕ್ಯಾಮೆರಾ ತಿರುಗಿಸಿದೊಡನೆ ಕತ್ತಲ ಭಾಗಗಳು ಮಸಿ ಬಳಿದಂತೆ ಹಿಂದೆ ಎಳೆದುಕೊಂಡು ಬರುತ್ತಿದ್ದವು. ಕಪ್ಪಿನಿಂದ ಬೂದಿಗೆ ಬದಲಾಗುವಾಗ ಅಗ್ಗದ ವಿಎ ಪ್ಯಾನೆಲುಗಳು ನಿಧಾನ. ಐಪಿಎಸ್‌ನ ಕಪ್ಪು ತುಸು ಬೂದಿಯಾಗಿ ಕಂಡರೂ ಚಲನೆ ಸ್ವಚ್ಛ. "ಅಣ್ಣ, ನನಗೆ ಆ ಮಸಿ ಕಾಣಿಸುವುದೇ ಇಲ್ಲ" ಎಂದು ಅವನು ಕೊನೆಯವರೆಗೂ ಹೇಳಿದ. ಕೊಳ್ಳುವ ಮೊದಲು ನಿಮ್ಮ ಕಣ್ಣಿನಿಂದಲೇ ನೋಡಿ ಎಂದು ನಾನು ಒತ್ತಾಯಿಸುವುದು ಇದಕ್ಕೇ.

ನನ್ನ ಮನಸ್ಸು ಬದಲಾದದ್ದು 4060 ಕಾರ್ಡನ್ನು 1440ಪಿ ಪರದೆಗೆ ಜೋಡಿಸಿದ ದಿನ. ಈ ಕಾರ್ಡಿನಲ್ಲಿರುವ, ಸಣ್ಣ ಚಿತ್ರವನ್ನು ಹಿಗ್ಗಿಸುವ ಡಿಎಲ್‌ಎಸ್‌ಎಸ್ ತಂತ್ರವನ್ನು 'ಕ್ವಾಲಿಟಿ'ಯಲ್ಲಿಟ್ಟರೆ ಕಾರ್ಡ್ ಒಳಗೆ 960ಪಿ ಚಿತ್ರ ಬಿಡಿಸಿ ಅದನ್ನು 1440ಪಿಗೆ ಹಿಗ್ಗಿಸುತ್ತದೆ. 1080ಪಿ ಪರದೆಯಲ್ಲಾದರೆ ಅದಕ್ಕೆ ಸಿಗುವ ಮೂಲ ಚಿತ್ರ 720ಪಿ ಮಾತ್ರ, ಆದ್ದರಿಂದ ಮಸುಕು ಗೊತ್ತಾಗುತ್ತದೆ. 1440ಪಿಯಲ್ಲಿ ಸೈಬರ್‌ಪಂಕಿನ ತಂತಿಬೇಲಿಗಳೂ ಗಿಡದ ಎಲೆಗಳೂ ನಿಶ್ಚಲವಾಗಿ ನಿಂತವು, ಸೆಕೆಂಡಿಗೆ ಬರುವ ಚಿತ್ರಗಳೂ (ಫ್ರೇಮುಗಳೂ) ಸಾಕಷ್ಟು ಬಂದವು. 6700 ಎಕ್ಸ್‌ಟಿಯಲ್ಲಿ ಇಂಥದೇ ತಂತ್ರವಾದ ಎಫ್‌ಎಸ್‌ಆರ್ ಹಾಕಿದಾಗ ಅದೇ ಬೇಲಿ ಮಿಣುಗುಟ್ಟುತ್ತಿತ್ತು. ಕಾಗದದ ಮೇಲೆ ಬಲಶಾಲಿಯಾದ ಕಾರ್ಡ್ ಇಲ್ಲಿ ಹಿಂದೆ ಬಿತ್ತು.

ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2 ಎಂಬ ಗುಂಡು ಹಾರಿಸುವ ಆಟಗಳನ್ನು ಮಾತ್ರ ಆಡುವವರಿಗೆ ಈ ಲೆಕ್ಕ ಬೇಕಿಲ್ಲ: 24 ಇಂಚಿನ 1080ಪಿಯೇ ಸರಿ, ಇಡೀ ಪರದೆ ಒಂದೇ ನೋಟಕ್ಕೆ ಸಿಗುತ್ತದೆ. ಯುಪಿಎಸ್ ದೊಡ್ಡದಿದ್ದು, ಟೆಕ್ಸ್ಚರಿನಲ್ಲಿ ರಾಜಿಯಾಗಲು ಮನಸ್ಸಿಲ್ಲದಿದ್ದರೆ 12 ಜಿಬಿ ಕಾರ್ಡಿನ ಕಡೆಗೇ ಹೋಗಿ.

ನಾನು 24 ಇಂಚಿನದನ್ನು ತಂಗಿಯ ಮೇಜಿಗೆ ಕೊಟ್ಟು, 20 ಸಾವಿರಕ್ಕೆ 27 ಇಂಚಿನ 1440ಪಿ ಐಪಿಎಸ್ ತಂದೆ. ಮೊದಲೇ ಹೀಗೆ ಮಾಡಿದ್ದರೆ ಒಟ್ಟು 49 ಸಾವಿರದಲ್ಲಿ ಮುಗಿಯುತ್ತಿತ್ತು. ಡಿಸ್‌ಪ್ಲೇಪೋರ್ಟ್ ಕೇಬಲಿನಲ್ಲೇ ಜೋಡಿಸಿ, ಆಮೇಲೆ ವಿಂಡೋಸ್ ಸೆಟ್ಟಿಂಗಿನಲ್ಲಿ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ) 165ಕ್ಕೆ ಬದಲಾಗಿದೆಯೇ ಎಂದು ನೋಡಿಕೊಳ್ಳಿ. ನನ್ನದು ಮೊದಲ ಎರಡು ದಿನ 60ರಲ್ಲೇ ಓಡುತ್ತಿತ್ತು.