ಬೀಟ್ ಪಲ್ಪ್: ಪ್ರದರ್ಶನದ ಸ್ಟಿಯರ್‌ಗೆ ಪಕ್ಕೆ ತುಂಬುವ ಮೇವು, ಕೊಬ್ಬು ಕಟ್ಟುವ ಮೇವಲ್ಲ

ಸಕ್ಕರೆ ಬೀಟ್ ಗಡ್ಡೆಯನ್ನು ಹೆರೆದು, ಬಿಸಿನೀರಿನಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ತಿರುಳನ್ನು ಹಿಂಡಿ ಒಣಗಿಸಿದರೆ ಬೀಟ್ ಪಲ್ಪ್. ಜಾನುವಾರು ಪ್ರದರ್ಶನಕ್ಕೆಂದು ಸ್ಟಿಯರ್, ಅಂದರೆ ಬೀಜ ಒಡೆಸಿದ ಹೋರಿ, ತಯಾರು ಮಾಡುವವರಲ್ಲಿ ಅನೇಕರು ಇದನ್ನು ತರುತ್ತಾರೆ. ತೂಕ ಏರಲಿ ಎಂಬ ಆಸೆಯಿಂದ ತಂದರೆ ಮಾತ್ರ ನಿರಾಸೆಯೇ ಗತಿ. ಇದರಲ್ಲಿ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ, ಕೊಬ್ಬು ಶೇ 1ರ ಆಸುಪಾಸು, ಪ್ರೋಟೀನ್ ಶೇ 8ರಿಂದ 10. ಕಿಲೋಗೆ ಕಿಲೋ ಹೋಲಿಸಿದರೆ ಶಕ್ತಿಯಲ್ಲಿ ಮೆಕ್ಕೆಜೋಳಕ್ಕಿಂತ ಹಿಂದೆ.

ಇದರ ಬೆಲೆ ಇರುವುದು ನಾರಿನಲ್ಲಿ. ಒಣಹುಲ್ಲಿನ ನಾರಿನಂತೆ ಇದು ಗಡಸಲ್ಲ. ಪೆಕ್ಟಿನ್ ಎಂಬ ಮೆತ್ತನೆಯ ನಾರು ಹೆಚ್ಚಾಗಿರುವುದರಿಂದ ಮೊದಲ ಹೊಟ್ಟೆಯಲ್ಲಿ ಬೇಗ ಕರಗುತ್ತದೆ. ಮೆಕ್ಕೆಜೋಳ ಹೆಚ್ಚಾದಾಗ ಪಿಷ್ಟದಿಂದ ಲ್ಯಾಕ್ಟಿಕ್ ಆಮ್ಲ ಉಕ್ಕಿ, ದನ ಮೇವು ಬಿಟ್ಟು, ಸಗಣಿ ತೆಳುವಾಗಿ ನೊರೆ ಬರುತ್ತದಲ್ಲ, ಪೆಕ್ಟಿನ್ ಆ ದಾರಿ ಹಿಡಿಯುವುದಿಲ್ಲ. ಹಾಗಾಗಿ ಕಾಳಿನ ಒಂದು ಪಾಲು ತೆಗೆದು ಆ ಜಾಗಕ್ಕೆ ಇದನ್ನು ಹಾಕಿದರೆ ಹೊಟ್ಟೆ ಸ್ಥಿಮಿತದಲ್ಲಿರುತ್ತದೆ, ಹಸಿವು ಕೆಡುವುದಿಲ್ಲ. ಜೊತೆಗೆ ನೀರು ಹೀರಿ ಉಬ್ಬುವುದರಿಂದ ಪಕ್ಕೆ ತುಂಬಿಕೊಂಡು, ಸೊಂಟದೆಲುಬಿನ ಮುಂದಿನ ಗುಳಿ ಮುಚ್ಚುತ್ತದೆ. ಪಕ್ಕೆ ಚಪ್ಪಟೆಯಾಗಿ ಹೊಟ್ಟೆ ಒಳಕ್ಕೆ ಎಳೆದುಕೊಂಡಂತೆ ಕಾಣುವ ಸ್ಟಿಯರ್‌ಗೆ ಇದಕ್ಕಿಂತ ಒಳ್ಳೆಯ ಮೇವು ಕಡಿಮೆ. ಹುಟ್ಟಾ ದೊಡ್ಡ ಹೊಟ್ಟೆಯ ದನಕ್ಕೆ ಮಾತ್ರ ಬೇಡವೇ ಬೇಡ. ಜೋತ ಹೊಟ್ಟೆ ಇನ್ನಷ್ಟು ಜೋತು ಕಾಣುತ್ತದೆ.

ಕೊಳ್ಳುವಾಗ ಎಳೆ ಮತ್ತು ಗುಳಿಗೆ, ಎರಡು ರೂಪ ಸಿಗುತ್ತವೆ. ಎರಡರಲ್ಲೂ ಕಾಕಂಬಿ ಬೆರೆಸಿದ್ದು, ಬೆರೆಸದ್ದು ಇರುತ್ತದೆ. ನನ್ನ ಆಯ್ಕೆ ಕಾಕಂಬಿ ಇಲ್ಲದ ಎಳೆ. ಕಾಕಂಬಿ ಬೇಕಾದರೆ ನಾವೇ ಅಳೆದು ಹಾಕಬಹುದು, ಚೀಲದೊಳಗೆ ಎಷ್ಟು ಸೇರಿದೆ ಎಂದು ಊಹಿಸುವ ಕಷ್ಟ ಇಲ್ಲ. ಗುಳಿಗೆ ಜಾಗ ಉಳಿಸುತ್ತದೆ, ಆದರೆ ನೆನೆಯಲು ಬಹಳ ಹೊತ್ತು ಬೇಕು. ಚೀಲ ಬಿಚ್ಚಿದ ಕೂಡಲೇ ಬಣ್ಣ ನೋಡಿ. ಬೂದಿ ಬಣ್ಣ ಅಥವಾ ತಿಳಿ ಕಂದು ಸರಿ. ಕಡುಕಂದಾಗಿ ಸುಟ್ಟ ವಾಸನೆ ಬಂದರೆ ಒಣಗಿಸುವಾಗ ಕಾವು ಮೀರಿದೆ ಎಂದರ್ಥ. ಅದರ ಪ್ರೋಟೀನ್ ದನಕ್ಕೆ ದಕ್ಕುವುದಿಲ್ಲ. ತಳದಲ್ಲಿ ಧೂಳು, ಮಣ್ಣು ಹೆಚ್ಚಿದ್ದರೆ ಜರಡಿ ಹಿಡಿಯಿರಿ. ಬೂಷ್ಟು ಕಂಡರೆ ಇಡೀ ಚೀಲ ವಾಪಸ್.

500 ಕಿಲೋ ತೂಗುವ ಸ್ಟಿಯರ್‌ಗೆ ದಿನದ ಲೆಕ್ಕ ಹೀಗಿರಬಹುದು: ಒಡೆದ ಮೆಕ್ಕೆಜೋಳ 6 ಕಿಲೋ, ಸೋಯಾ ಹಿಂಡಿ 1 ಕಿಲೋ, ಬೀಟ್ ಪಲ್ಪ್ 1.2 ಕಿಲೋ, ಒಣಹುಲ್ಲು 2 ಕಿಲೋ. ಎರಡು ಹೊತ್ತಿಗೆ ಹಂಚಿ. ಪ್ರೋಟೀನ್ ಶೇ 12ರ ಹತ್ತಿರ ನಿಲ್ಲುತ್ತದೆ. ಪಲ್ಪ್ ಅನ್ನು ಡಬ್ಬಿಯಲ್ಲಿ ಅಳೆಯಬೇಡಿ, ತಕ್ಕಡಿಯಲ್ಲೇ ತೂಗಿ. ಎಳೆ ತೀರಾ ಹಗುರ. ಕಾಳಿನ ಡಬ್ಬಿಯಲ್ಲಿ ಅಳೆದವರು ಬೇಕಾದ್ದರಲ್ಲಿ ಅರ್ಧವನ್ನೂ ಹಾಕಿರುವುದಿಲ್ಲ. ಮೊದಲ ದಿನ 200 ಗ್ರಾಂನಿಂದ ಶುರು ಮಾಡಿ, ಎರಡು ದಿನಕ್ಕೊಮ್ಮೆ 200 ಗ್ರಾಂ ಏರಿಸುತ್ತಾ, ಅಷ್ಟೇ ಕಾಳು ಇಳಿಸುತ್ತಾ ಹೋಗಿ. ಒಟ್ಟು ಮೇವಿನಲ್ಲಿ ಶೇ 15 ದಾಟಿಸಿದರೆ ಸಗಣಿ ಸಡಿಲವಾಗಿ, ಬೆನ್ನ ಮೇಲೆ ಕೊಬ್ಬು ಕೂರುವುದು ನಿಧಾನವಾಗುತ್ತದೆ.

ಅನೇಕರು ಮರೆಯುವುದು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ಬೀಜ ಒಡೆಸಿದ ಗಂಡುಗಳ ಮೂತ್ರನಾಳ ಸಪೂರ. ರಂಜಕ (ಫಾಸ್ಫರಸ್) ಹೆಚ್ಚಾಗಿ ಕ್ಯಾಲ್ಸಿಯಂ ಕಡಿಮೆಯಾದರೆ ಕಲ್ಲು ಕಟ್ಟಿ ಮೂತ್ರ ನಿಲ್ಲುತ್ತದೆ, ಪ್ರಾಣಕ್ಕೇ ಕುತ್ತು. ರಂಜಕದ ಎರಡರಷ್ಟು ಕ್ಯಾಲ್ಸಿಯಂ ಇರಬೇಕು. ಮೇಲಿನ ಲೆಕ್ಕದಲ್ಲಿ ಹುಲ್ಲನ್ನು ಬಿಟ್ಟರೆ ಸುಮಾರು 26 ಗ್ರಾಂ ರಂಜಕ ಬರುತ್ತದೆ, ಕ್ಯಾಲ್ಸಿಯಂ ಕೇವಲ 15 ಗ್ರಾಂ. ಅದರಲ್ಲೂ ಬಹುಪಾಲು ಬೀಟ್ ಪಲ್ಪ್‌ನದೇ. ಆದರೂ ಅದೊಂದೇ ಸಾಲದು. ಬಾಕಿ ತುಂಬಲು ದಿನಕ್ಕೆ 100 ಗ್ರಾಂ ಮೇವಿನ ದರ್ಜೆಯ ಸುಣ್ಣಕಲ್ಲಿನ ಪುಡಿ ಬೇಕು. ಪಲ್ಪ್ ಹಾಕುತ್ತಿದ್ದೇವಲ್ಲ ಎಂದು ಈ ಪುಡಿ ನಿಲ್ಲಿಸುವುದು ದೊಡ್ಡ ತಪ್ಪು. ಉಪ್ಪು, ನೀರು ಸದಾ ಸಿಗುವಂತಿರಲಿ. ಸಿದ್ಧ ಮೇವು ಅಥವಾ ಖನಿಜ ಮಿಶ್ರಣ ಬಳಸುತ್ತಿದ್ದರೆ ಅದರಲ್ಲಿರುವ ಕ್ಯಾಲ್ಸಿಯಂ ಕಳೆದೇ ಪುಡಿ ಅಳೆಯಿರಿ.

ನೆನೆಸಲೇಬೇಕೇ? ದಿನನಿತ್ಯದ ಈ ಪ್ರಮಾಣಕ್ಕೆ ಬೇಕಿಲ್ಲ. ಧೂಳು ಅಡಗಲು ನೀರು ಚಿಮುಕಿಸಿದರೆ ಸಾಕು. ಪಕ್ಕೆ ತುಂಬಬೇಕಾದಾಗ ಮಾತ್ರ 1 ಕಿಲೋ ಎಳೆಗೆ 4 ಲೀಟರ್ ನೀರು ಹಾಕಿ, ಒಂದೆರಡು ಗಂಟೆ ಬಿಡಿ. ಗುಳಿಗೆಯಾದರೆ ರಾತ್ರಿಯೇ ನೆನೆಹಾಕಿ. ಸೆಕೆಯಲ್ಲಿ ನೆನೆದ ಪಲ್ಪ್ ಬೇಗ ಹುಳಿಯುತ್ತದೆ, ಆದ್ದರಿಂದ ಆಯಾ ಹೊತ್ತಿಗೆ ಬೇಕಾದಷ್ಟೇ ನೆನೆಸಿ, ಗೋದಲಿಯಲ್ಲಿ ಉಳಿದದ್ದನ್ನು ಬಳಿದು ತೆಗೆಯಿರಿ.

ಮೈಗೂದಲಿನ ಹೊಳಪಿಗೆ ಇದರಿಂದ ಏನೂ ಆಗದು. ಅದು ತೊಳೆತ, ತಂಪು ಜಾಗ, ದಿನದಿನದ ಬ್ರಷ್‌ನ ಕೆಲಸ. ಪಲ್ಪ್‌ಗೆ ಇನ್ನೊಂದು ಒಳ್ಳೆಯ ಉಪಯೋಗವಿದೆ. ಕೊನೆಯ ಪಕ್ಕೆಲುಬುಗಳ ಮೇಲೆ ಕೈಯಾಡಿಸಿದಾಗ ಎಲುಬು ಕೈಗೆ ಸಿಗದಷ್ಟು ಕೊಬ್ಬು ಕೂತು, ಬಾಲದ ಬುಡದಲ್ಲಿ ಗಂಟು ಏಳತೊಡಗಿದರೆ, ಪ್ರದರ್ಶನಕ್ಕೆ ಇನ್ನೂ ವಾರಗಳಿದ್ದರೆ, 1 ಕಿಲೋ ಮೆಕ್ಕೆಜೋಳ ಇಳಿಸಿ. ಅದರ ಬದಲು ಕಾಲು ಕಿಲೋ ಪಲ್ಪ್, ಮುಕ್ಕಾಲು ಕಿಲೋ ಹುಲ್ಲು ಏರಿಸಿ. ಹೊಟ್ಟೆ ಬರಿದಾಗದೆ ಕೊಬ್ಬಿನ ಓಟ ನಿಧಾನವಾಗುತ್ತದೆ.

ಪ್ರದರ್ಶನದ ದಿನವೇ ಮೊದಲ ಬಾರಿ ತಿನ್ನಿಸಬೇಡಿ. ಎರಡು ಮೂರು ವಾರ ಮೊದಲೇ ನೆನೆಸಿದ ಪಲ್ಪ್‌ನ ರುಚಿ ಹತ್ತಿಸಿ, ಮನೆಯಲ್ಲಿ ಒಮ್ಮೆ ಕೊಟ್ಟು ಎಷ್ಟು ಹೊತ್ತಿಗೆ ಪಕ್ಕೆ ತುಂಬುತ್ತದೆ ಎಂದು ಬದಿಯಿಂದ ನಿಂತು ನೋಡಿ. ಒಂದೊಂದು ದನಕ್ಕೆ ಒಂದೊಂದು ಸಮಯ. ತಿನ್ನದೆ ನಿಂತರೆ ಬಲವಂತವಾಗಿ ನಳಿಕೆ ಇಳಿಸಿ ನೀರು ತುಂಬುವುದನ್ನು ಮಾಡಲೇಬೇಡಿ. ನೀರು ಶ್ವಾಸಕೋಶಕ್ಕೆ ಹೋದರೆ ದನ ಉಳಿಯುವುದು ಕಷ್ಟ, ಅನೇಕ ಪ್ರದರ್ಶನಗಳಲ್ಲಿ ಅದಕ್ಕೆ ನಿಷೇಧವೂ ಇದೆ. ಅಂಥ ಹೊತ್ತಿನಲ್ಲಿ ಒಳ್ಳೆಯ ಒಣಹುಲ್ಲು, ಅಭ್ಯಾಸದ ಬಕೆಟ್‌ನಲ್ಲಿ ಮನೆಯಿಂದಲೇ ತಂದ ನೀರು ಮುಂದಿಟ್ಟು, ಸದ್ದಿಲ್ಲದ ನೆರಳಿನಲ್ಲಿ ಕಟ್ಟಿ ಬಿಡಿ.