ಅಲೆಪ್ಪಿ, ಸುಂದರಬನ, ಅಂಡಮಾನ್ ಹಡಗು: ಕಡಿಮೆ ರೊಕ್ಕದಲ್ಲಿ ನೀರಿನ ಮೇಲೆ ಮಲಗಿದ ಲೆಕ್ಕ

ನಮ್ಮ ವಿಜಯಪುರದವರಿಗೆ ನೀರು ಅಂದರೆ ನಲ್ಲಿ ಯಾವತ್ತು ಬರುತ್ತದೆ ಅನ್ನುವ ಲೆಕ್ಕ. ಚಿಕ್ಕವನಿದ್ದಾಗ ನಾನು ಕಂಡ ಅತಿ ದೊಡ್ಡ ನೀರೆಂದರೆ ಕೊಲ್ಹಾರದ ಸೇತುವೆ ಮೇಲೆ ಬಸ್ಸಿನ ಕಿಟಕಿಯಿಂದ ಕಾಣುವ ಕೃಷ್ಣೆ. ಅದನ್ನೂ ಪೂರ್ತಿ ನೋಡುತ್ತಿರಲಿಲ್ಲ, ಮನಸ್ಸು ಮುಂದೆ ಸಿಗುವ ಗಡಿಗೆ ಮೊಸರಿನ ಮೇಲಿರುತ್ತಿತ್ತು. ಅಂಥವನಿಗೆ ದೋಣಿಯಲ್ಲೇ ಎರಡು ಮೂರು ದಿನ ಇದ್ದು ಬರಬೇಕು ಅನ್ನುವ ಹುಚ್ಚು ಹಿಡಿಯಿತು. ಕಾಕಾ ಒಂದೇ ಮಾತು ಅಂದರು: "ತಮ್ಮಾ, ನೀರಿಲ್ಲದ ಊರಾಗ ಹುಟ್ಟಿ, ನೀರಿನ ಮ್ಯಾಲ ಮಲಗಾಕ ರೊಕ್ಕಾ ಕೊಡಾಕತ್ತೀಯಲ್ಲೋ!"

ಆಮೇಲೆ ಸುಂದರಬನಕ್ಕೆ ಮೊದಲು ಚೀಲ ಕಟ್ಟಿದವರೂ ಅವರೇ.

ಇಲ್ಲಿಯವರೆಗೆ ಮೂರು ಸಲ ಹೋಗಿದ್ದೇನೆ. ಅಲೆಪ್ಪಿಯ ಹೌಸ್‌ಬೋಟು 2 ರಾತ್ರಿ, ಸುಂದರಬನದ ಅಗ್ಗದ ದೋಣಿ 2 ರಾತ್ರಿ 3 ಹಗಲು, ಚೆನ್ನೈನಿಂದ ಅಂಡಮಾನಿಗೆ ಹಡಗಿನ ಬಂಕ್ ಕ್ಲಾಸು. ಮೂರೂ ಕಡಿಮೆ ಖರ್ಚಿನವು. ಯಾವುದು ಚಲೋ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನನ್ನ ಓಟು ಸುಂದರಬನಕ್ಕೆ. ಆದರೆ ಅತಿ ಕೆಟ್ಟ ರಾತ್ರಿ ಕಳೆದದ್ದೂ ಅಲ್ಲೇ. ಹಗಲಿನಲ್ಲಿ ಎಲ್ಲ ದೋಣಿಯೂ ಚೆಂದವೇ, ಗಾಳಿ ಬರುತ್ತದೆ, ಚಹಾ ಬರುತ್ತದೆ, ಫೋಟೊ ಬರುತ್ತದೆ. ಕೊಟ್ಟ ರೊಕ್ಕದ ಫರಕು ಗೊತ್ತಾಗುವುದು ಕತ್ತಲಾದ ಮೇಲೆ.

ಅಲೆಪ್ಪಿಯದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ಬೇಗ ಮುಗಿಯುವಂಥದ್ದೇ. ಹೌಸ್‌ಬೋಟು ಮಧ್ಯಾಹ್ನ 12ಕ್ಕೆ ಹೊರಡುತ್ತದೆ. ಊಟಕ್ಕೆ ಒಂದು ಕಡೆ ನಿಲ್ಲುತ್ತದೆ. ಸಂಜೆ ಐದೂವರೆಗೆ ದಂಡೆಗೆ ಕಟ್ಟಿ ಹಾಕಿದರೆ ಆಯಿತು, ರಾತ್ರಿ ಮೀನುಗಾರರು ಬಲೆ ಬಿಡುವುದರಿಂದ ದೊಡ್ಡ ದೋಣಿ ಓಡುವಂತಿಲ್ಲ. ಮರುದಿನ ಬೆಳಿಗ್ಗೆ ಒಂದು ಸುತ್ತು ಹೊಡೆದು 9ಕ್ಕೆ ಇಳಿಸುತ್ತಾರೆ. 21 ತಾಸಿನ ಬಾಡಿಗೆ ಕೊಟ್ಟರೆ ದೋಣಿ ಚಲಿಸುವುದು ಐದಾರು ತಾಸು ಮಾತ್ರ. ನಾವು ಶಾಣ್ಯಾತನ ಮಾಡಿ ಎರಡು ರಾತ್ರಿಗೆ ಬುಕ್ ಮಾಡಿದ್ದೆವು. ಎರಡನೇ ರಾತ್ರಿಯೂ ಅದೇ ದಂಡೆ, ಅದೇ ತೆಂಗಿನ ಮರ, ಪಕ್ಕದ ದೋಣಿಯಿಂದ ಅದೇ ಹಾಡು. ಎ.ಸಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮಾತ್ರ. ಅಷ್ಟರ ತನಕ ಸೊಳ್ಳೆ ನಮ್ಮ ಜೊತೆ ಕೂತು ಊಟ ಮಾಡುತ್ತಿತ್ತು.

ಆದರೆ ಮಲಗುವುದಕ್ಕೆ ಮೂರರಲ್ಲಿ ಇದೇ ಬೆಸ್ಟ್. ಮಂಚ, ಕೋಣೆಗೊಂದು ಸಂಡಾಸ, ಬೇಕಾದಷ್ಟು ನೀರು. ಹಳೇ ಕಾಲದಲ್ಲಿ ಅಕ್ಕಿ ಸಾಗಿಸುತ್ತಿದ್ದ ಕೆಟ್ಟುವಳ್ಳಂ ದೋಣಿಗಳ ರೂಪವೇ ಈ ಹೌಸ್‌ಬೋಟು. ಕೆಟ್ಟು ಅಂದರೆ ಕಟ್ಟಿದ್ದು, ವಳ್ಳಂ ಅಂದರೆ ದೋಣಿ. ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರಂತೆ. ಇನ್ನೊಂದು ವಿಚಿತ್ರ ನೋಡಿದೆ. ಅಲೆಪ್ಪಿ ಸುತ್ತಲಿನ ಕುಟ್ಟನಾಡಿನ ಗದ್ದೆ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಕಾಲುವೆ ಮೇಲೆ, ಬದುವಿನ ಆಚೆ ಭತ್ತ ಕೆಳಗೆ. ದೋಣಿಯಲ್ಲಿ ಕೂತು ಗದ್ದೆಯನ್ನು ಇಣುಕಿ ನೋಡಬೇಕು, ಬಾವಿ ನೋಡಿದ ಹಾಗೆ. ಹೊಲಕ್ಕೆ ನೀರು ಏರಿಸಲು ಬೋರ್ ಮೇಲೆ ಬೋರ್ ಕೊರೆಸುವ ನಮ್ಮ ಕಡೆಯವರು ಅಲ್ಲಿ ಹೊಲದಿಂದ ನೀರು ಎತ್ತಿ ಹೊರಗೆ ಹಾಕುವ ಪಂಪು ನೋಡಿದರೆ ತಲೆ ಕೆರೆದುಕೊಳ್ಳಬೇಕು.

ರೊಕ್ಕ ಉಳಿಸಬೇಕು ಅನ್ನುವವರಿಗೆ ಒಂದು ಮಾತು. ಅಲೆಪ್ಪಿ ಬಸ್‌ಸ್ಟ್ಯಾಂಡ್ ಪಕ್ಕದ ಜೆಟ್ಟಿಯಿಂದ ಕೊಟ್ಟಾಯಂಗೆ ಸರಕಾರಿ ದೋಣಿ ಹೋಗುತ್ತದೆ. ಸುಮಾರು ಎರಡೂವರೆ ತಾಸು, ಟಿಕೆಟ್ ನಮ್ಮಲ್ಲಿ ಒಂದು ಪ್ಲೇಟ್ ಮಿರ್ಚಿ ಭಜಿ ರೇಟು. ಅದೇ ನೀರು, ಅದೇ ಗದ್ದೆ, ಜೊತೆಗೆ ಸಾಲಿ ಮಕ್ಕಳು, ಮೀನಿನ ಬುಟ್ಟಿ. ಹೌಸ್‌ಬೋಟಿಗೆ ನಾಲ್ಕು ಜನ ಸೇರಿ 16 ಸಾವಿರ ಕೊಟ್ಟ ಮರುದಿನ ಇದರಲ್ಲಿ ಹೋದೆವು. ಯಾವುದು ಜಾಸ್ತಿ ನೆನಪಿದೆ ಅಂತ ಕೇಳಬೇಡಿ.

ಸುಂದರಬನಕ್ಕೆ ಕಾಕಾ, ನಾನು, ನನ್ನ ದೋಸ್ತ. ಇಲ್ಲಿಂದ ಗದಗಿಗೆ ಹೋಗಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಹೌರಾ. ಸಿಯಾಲ್ದಾದಿಂದ ಕ್ಯಾನಿಂಗ್‌ಗೆ ಲೋಕಲ್ ರೈಲು, ಅಲ್ಲಿಂದ ಶೇರ್ ಆಟೋದಲ್ಲಿ ಗೋದ್‌ಖಾಲಿ ಜೆಟ್ಟಿ. ರಸ್ತೆ ಅಲ್ಲಿಗೆ ಖಲಾಸ್. ಮುಂದೆಲ್ಲ ನೀರೇ. ತಲೆಗೆ ನಾಲ್ಕೂವರೆ ಸಾವಿರ, ಊಟ, ಗೈಡು, ಪರ್ಮಿಟ್ಟು ಎಲ್ಲ ಸೇರಿ. ಇದೇ ಊರಲ್ಲಿ ಇನ್ನೊಂದಿಷ್ಟು ಜಾಸ್ತಿ ಕೊಟ್ಟರೆ ರಾತ್ರಿ ದಂಡೆಯ ಹೋಟೆಲಿನಲ್ಲಿ ಮಲಗಿಸುತ್ತಾರೆ. ನಾವು ದೋಣಿಯಲ್ಲೇ ಮಲಗುವ ಪ್ಯಾಕೇಜು ತೆಗೆದುಕೊಂಡೆವು. ಹಟ ನನ್ನದೇ.

ದೋಣಿ ಮರದ್ದು. ಮೇಲೆ ಕೂರುವ ಡೆಕ್ಕು, ಕೆಳಗೆ ಮಲಗುವ ಗುಂಡಿ. ಅಲ್ಲಿಯ ಜನ ಇಂಥ ಎಂಜಿನ್ ದೋಣಿಗೆ ಭಟ್‌ಭಟಿ ಅನ್ನುತ್ತಾರೆ. ನಮ್ಮಲ್ಲಿ ಮೋಟರ್ ಸೈಕಲ್ಲಿಗೆ ಫಟಫಟಿ ಅನ್ನುವ ಹಾಗೆಯೇ. ಕಾಕಾಗೆ ಅದೊಂದೇ ಶಬ್ದದಿಂದ ಬಂಗಾಳಿ ಬಂದುಬಿಟ್ಟಂಗಾಯಿತು. ಕೆಳಗೆ ಇಳಿದು ನೋಡಿದರೆ ಒಂದಕ್ಕೊಂದು ತಾಗಿಸಿ ಹಾಸಿದ ಗಾದಿಗಳು, 14 ಜನಕ್ಕೆ. ಎದ್ದು ಕೂತರೆ ತಲೆಗೆ ತೊಲೆ. ಡೀಸೆಲ್ ವಾಸನೆ. ಮತ್ತು ಒಂದು ಸಂಡಾಸ. ಒಂದೇ. ಬಾಗಿಲಿನ ಚಿಲಕ ಕೆಟ್ಟಿತ್ತು, ಅದಕ್ಕೆ ಒಳಗೆ ಹೋದವರು ಒಂದು ಕೈಯಿಂದ ಬಾಗಿಲು ಹಿಡಿದುಕೊಂಡು ಹಾಡು ಹೇಳಬೇಕಾಗಿತ್ತು. ಬುಕ್ ಮಾಡುವಾಗ ತೋರಿಸಿದ ಫೋಟೊದಲ್ಲಿ ಎರಡು ಸಂಡಾಸ ಇದ್ದವು. ಕೇಳಿದರೆ ಆ ದೋಣಿ ರಿಪೇರಿಗೆ ಹೋಗಿದೆ ಅಂದರು. ಪ್ರತಿ ಸಲವೂ ಅದು ರಿಪೇರಿಯಲ್ಲೇ ಇರುತ್ತದೇನೋ, ಗೊತ್ತಿಲ್ಲ.

ಹೊಳೆ ನೀರು ಉಪ್ಪು. ಕುಡಿಯುವುದಕ್ಕೆ, ತೊಳೆಯುವುದಕ್ಕೆ ಡ್ರಮ್ಮಿನಲ್ಲಿ ಸಿಹಿ ನೀರು ತಂದಿದ್ದರು, ಲೆಕ್ಕ ಹಾಕಿ ಕೊಡುತ್ತಿದ್ದರು. ಕೋಲ್ಕತ್ತದಿಂದ ಬಂದಿದ್ದ ಹುಡುಗರು ಮೊದಲ ಬೆಳಿಗ್ಗೆಯೇ ಜಗಳ ತೆಗೆದರು. ಕಾಕಾ ಮಾತ್ರ ಒಂದು ತಂಬಿಗೆ ನೀರಿನಲ್ಲಿ ಹಲ್ಲುಜ್ಜಿ, ಮುಖ ತೊಳೆದು, ಕೈಕಾಲು ಒರೆಸಿಕೊಂಡು, ಉಳಿದದ್ದರಲ್ಲಿ ಚಸ್ಮಾ ತೊಳೆದರು. ದೋಣಿಯ ಅಡುಗೆಯವನು ನಿಂತು ನೋಡಿದ. ನಮ್ಮೂರಿನ ಹೆಸರು ಅಲ್ಲಿ ಮೇಲೆ ಬಂದದ್ದು ಗೋಳಗುಮ್ಮಟದಿಂದಲ್ಲ, ಆ ತಂಬಿಗೆಯಿಂದ.

ಇಷ್ಟೆಲ್ಲ ಇದ್ದೂ ಓಟು ಯಾಕೆ ಅಂತೀರಿ? ಅಲ್ಲಿ ನೀರು ಸುಮ್ನೆ ಇರುವುದಿಲ್ಲ, ಅದಕ್ಕೆ. ಸಂಜೆ ಭರತವಿದ್ದಾಗ ಜೆಟ್ಟಿಗೂ ದೋಣಿಗೂ ಸಮ ಸಮ, ಹಲಗೆ ಮೇಲೆ ನಡೆದು ಇಳಿದು ಊರಲ್ಲಿ ಚಹಾ ಕುಡಿದು ಬಂದೆವು. ರಾತ್ರಿ ಇಳಿತವಾಗಿ ನೋಡಿದರೆ ಅದೇ ಜೆಟ್ಟಿ ತಲೆಯ ಮೇಲೆ ಎಲ್ಲೋ ಇತ್ತು. ನಡುವೆ ಹೊಳೆಯುವ ಕೆಸರಿನ ಗೋಡೆ. ಆರು ತಾಸಿಗೊಮ್ಮೆ ಊರೇ ಮೇಲೆ ಹೋಗಿ ಕೆಳಗೆ ಬರುತ್ತಿದೆ ಅನಿಸುತ್ತದೆ. ಆ ಕೆಸರಿನಲ್ಲಿ ಮ್ಯಾಂಗ್ರೋವ್ ಮರಗಳ ಉಸಿರುಬೇರುಗಳು ಮೊಳೆ ಬಡಿದ ಹಾಗೆ ನೆಟ್ಟಗೆ ನಿಂತಿರುತ್ತವೆ. ಕೆಂಪು ಏಡಿ, ಕೆಸರಲ್ಲಿ ಕುಪ್ಪಳಿಸುವ ಮೀನು. ದೋಸ್ತ ಒಂದು ತುಂಡು ಕಟ್ಟಿಗೆಗೆ ಫೋಟೊ ಹೊಡೆಯುತ್ತಿದ್ದಾಗ ಕಟ್ಟಿಗೆ ಬಾಯಿ ತೆರೆಯಿತು. ಮೊಸಳೆ.

ಹುಲಿ ಕಾಣಲಿಲ್ಲ. ಸಜ್‌ನೆಖಾಲಿ, ಸುಧನ್ಯಖಾಲಿ, ದೋಬಾಂಕಿ, ಮೂರೂ ಕಡೆ ಪ್ರಾಣಿ ನೋಡುವ ಗೋಪುರ ಹತ್ತಿ ಇಳಿದೆವು. ಜಿಂಕೆ ಸಿಕ್ಕವು, ಉಡ ಸಿಕ್ಕಿತು. ಒಂದು ಕಡೆ ಕೆಸರಿನ ಮೇಲೆ ಹೆಜ್ಜೆ ಗುರುತು ಇತ್ತು, ನೀರಿನಿಂದ ಎದ್ದು ಸೀದಾ ಕಾಡಿಗೆ ಹೋದದ್ದು. ಗೈಡ್ ಎಂಜಿನ್ ನಿಲ್ಲಿಸಲು ಹೇಳಿದ. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಭಟ್‌ಭಟಿ ನಿಂತರೆ ಆ ಕಾಡಿನ ಸದ್ದಿಲ್ಲದಿಕೆ ಮೈಮೇಲೆ ಬಂದು ಕೂರುತ್ತದೆ. ಊರಿನ ಕಡೆಯ ದಂಡೆಗೆ ಹುಲಿ ದಾಟದಂತೆ ನೈಲಾನ್ ಬಲೆ ಕಟ್ಟಿದ್ದಾರೆ. ಕಾಡಿಗೆ ಜೇನಿಗೂ ಮೀನಿಗೂ ಹೋಗುವವರು ಕಾಡು ಕಾಯುವ ದೇವಿ ಬನಬೀಬಿಗೆ ಕೈ ಮುಗಿದೇ ಹೋಗುತ್ತಾರೆ, ಹಿಂದೂ ಆಗಲಿ ಮುಸ್ಲಿಂ ಆಗಲಿ. ಇದು ಕಾಕಾಗೆ ವಿಶೇಷ ಅನಿಸಲಿಲ್ಲ. "ನಮ್ಮಲ್ಲಿ ಉರುಸಿಗೆ ಯಾರ್ ಹೋಗೂದಿಲ್ಲ?" ಅಂದರು.

ಅವರಿಗೆ ವಿಶೇಷ ಅನಿಸಿದ್ದು ಗೋಸಾಬಾ. ಕಾಕಾ ಕೃಷಿ ಪತ್ತಿನ ಸೊಸೈಟಿಯಲ್ಲಿ ಸೆಕ್ರೆಟರಿ ಆಗಿ ರಿಟೈರ್ ಆದವರು. ಸ್ಕಾಟ್ಲೆಂಡಿನ ಡೇನಿಯಲ್ ಹ್ಯಾಮಿಲ್ಟನ್ ಅನ್ನುವವನು ಅಲ್ಲಿ ಕಾಡು ಕಡಿದ ದ್ವೀಪದಲ್ಲಿ ಸಹಕಾರಿ ಸಂಘ ಕಟ್ಟಿ, ತನ್ನದೇ ಒಂದು ರೂಪಾಯಿ ನೋಟು ಹೊರಡಿಸಿದ್ದ. 1932ರಲ್ಲಿ ಟಾಗೋರರು ಅಲ್ಲಿ ಬಂದು ಉಳಿದಿದ್ದರು. ಎಲ್ಲರೂ ಟಾಗೋರರ ಬಂಗಲೆ ಮುಂದೆ ಸೆಲ್ಫಿ ಹೊಡೆಯುತ್ತಿದ್ದರೆ ಕಾಕಾ ಗೈಡಿಗೆ ಸಾಲದ ಬಡ್ಡಿ ಎಷ್ಟಿತ್ತು ಅಂತ ಕೇಳುತ್ತಿದ್ದರು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸೊಸೈಟಿ ಶುರುವಾಗಿತ್ತು ಅಂತ ಹಿಂದಿಯಲ್ಲಿ ಒತ್ತಿ ಒತ್ತಿ ಹೇಳಿದರು. ಬರುವಾಗ ಗದಗಿನಲ್ಲೇ ಗಾಡಿ ಬದಲಿಸಿದ್ದು ಅವರಿಗೆ ಪುರಾವೆ ಇದ್ದ ಹಾಗೆ.

ಊಟ ಮೀನು, ಅನ್ನ. ನಮ್ಮಂಥ ಸಸ್ಯಾಹಾರಿಗಳಿಗೆ ಬ್ಯಾಳಿ, ಕರಿದ ಬದನೆಕಾಯಿ, ಗಸಗಸೆ ಹಾಕಿದ ಬಟಾಟಿ. ಸಾಸಿವೆ ಎಣ್ಣೆ ವಾಸನೆ ಮೊದಲ ದಿನ ಮೂಗಿಗೆ ಹೊಡೆಯಿತು, ಮೂರನೇ ದಿನ ಕೇಳಿ ಹಾಕಿಸಿಕೊಂಡೆವು. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇತ್ತು. ತಿಂಗಳಾದರೂ ಕೆಡದ ರೊಟ್ಟಿ ಅಂತ ಜಂಬ ಕೊಚ್ಚಿದ್ದೆವು. ಎರಡನೇ ದಿನಕ್ಕೆ ಆ ಹಸಿ ಗಾಳಿಗೆ ರೊಟ್ಟಿ ಮೆತ್ತಗಾಗಿ ಚರ್ಮದ ಹಾಗೆ ಬಾಗಿತು. ಮುರಿಯಲಿಲ್ಲ, ಮಡಚಿದೆವು.

ಅಂಡಮಾನ್ ಹಡಗು ಬೇರೆಯೇ ಜಾತಿ. ಕಾಕಾ ಬರಲಿಲ್ಲ, "ದಂಡಿ ಕಾಣದ ನೀರು ನನಗ ಬ್ಯಾಡ" ಅಂದರು. ಸೊಲ್ಲಾಪುರಕ್ಕೆ ಹೋಗಿ ಚೆನ್ನೈ ರೈಲು ಹಿಡಿದೆವು. ಹಡಗು ಬೇಕೆಂದಾಗ ಇರುವುದಿಲ್ಲ, ತಿಂಗಳಿಗೆ ಕೆಲವೇ ಸಲ. ತಾರೀಕು ನೋಡಿ ರಜೆ ಹಾಕಬೇಕು, ರಜೆ ನೋಡಿ ತಾರೀಕಲ್ಲ. ಬಂಕ್ ಕ್ಲಾಸಿಗೆ ತಲೆಗೆ ಮೂರು ಸಾವಿರದ ಆಸುಪಾಸು ಆಯಿತು, ಊಟದ ಕೂಪನ್ ಬೇರೆ. ಸುಮಾರು 1200 ಕಿಲೋಮೀಟರ್, ಮೂರು ದಿನದ ದಾರಿ. ಕಿಲೋಮೀಟರ್ ಲೆಕ್ಕದಲ್ಲಿ ಇಷ್ಟು ಅಗ್ಗದ ನೀರಿನ ಪ್ರಯಾಣ ನನಗೆ ಬೇರೆ ಸಿಕ್ಕಿಲ್ಲ.

ಬಂಕ್ ಅಂದರೆ ಹಡಗಿನ ಕೆಳ ಅಂತಸ್ತಿನ ದೊಡ್ಡ ಹಾಲು, ಸಾಲು ಸಾಲು ಎರಡು ಅಂತಸ್ತಿನ ಮಂಚ. ಜಾತ್ರೆಯ ಧರ್ಮಶಾಲೆ ತೇಲಿದರೆ ಹೇಗೋ ಹಾಗೆ. ತಮಿಳು, ತೆಲುಗು, ಬಂಗಾಳಿ, ಎಲ್ಲ ಭಾಷೆಯ ಸಂಸಾರ. ಟೂರಿಗೆ ಬಂದವರು ಕೈಬೆರಳೆಣಿಕೆ. ಉಳಿದವರೆಲ್ಲ ಮನೆಗೆ ಹೋಗುವವರು, ಮಿಕ್ಸಿ, ಟಿ.ವಿ., ಈರುಳ್ಳಿ ಚೀಲ ಸಮೇತ. ಸುಂದರಬನದ ದೋಣಿಯಲ್ಲಿ ನಾವು ಗಿರಾಕಿಗಳು, ಇಲ್ಲಿ ಬರೀ ಪ್ರಯಾಣಿಕರು. ಯಾರೂ ಏನನ್ನೂ ತೋರಿಸುವುದಿಲ್ಲ. ಅದೇ ನನಗೆ ಹಿಡಿಸಿತು.

ಹಿಡಿಸದ್ದು ಮೊದಲ ರಾತ್ರಿ. ದಂಡೆ ಮರೆಯಾಯಿತು, ಫೋನಿನ ಗೆರೆಗಳು ಹೋದವು, ಹಡಗು ನಿಧಾನಕ್ಕೆ ತೂಗತೊಡಗಿತು. ಜೋರಾಗಿ ಅಲ್ಲ. ಅಜ್ಜಿ ತೊಟ್ಟಿಲು ತೂಗಿದ ಹಾಗೆ. ಆದರೆ ಅಜ್ಜಿ ನಿಲ್ಲಿಸುವುದೇ ಇಲ್ಲ. ವಾಂತಿ ಗುಳಿಗೆ ತಂದಿದ್ದೆ, ತಗೊಂಡದ್ದು ಮಾತ್ರ ಹೊಟ್ಟೆ ತಿರುಗಿದ ಮೇಲೆ. ಹೊರಡುವ ಮೊದಲೇ ನುಂಗಬೇಕಿತ್ತು. ಕೆಳಗಿನ ಮಂಚದ ತಮಿಳು ಅಮ್ಮ ಒಂದು ಲಿಂಬೆಹಣ್ಣು ಕೈಗಿಟ್ಟು ಮೇಲೆ ಡೆಕ್ಕಿಗೆ ಹೋಗು ಅಂತ ಸನ್ನೆ ಮಾಡಿದರು. ಗಾಳಿಗೆ ನಿಂತು ದೂರದ ಗೆರೆಯನ್ನೇ ನೋಡುತ್ತಿದ್ದರೆ ಹೊಟ್ಟೆ ಸುಮ್ಮನಾಗುತ್ತದೆ. ಮಂಚ ಆರಿಸಲು ಸಿಕ್ಕರೆ ಹಡಗಿನ ನಡುಭಾಗದ್ದೇ ಕೇಳಿ. ತುದಿಗಳಲ್ಲಿ ತೂಗಾಟ ಜಾಸ್ತಿ.

ಎರಡನೇ ದಿನ ಏನೂ ಇಲ್ಲ. ನಿಜವಾಗಿ ಏನೂ ಇಲ್ಲ. ನೀರು ಶಾಯಿ ಬಣ್ಣಕ್ಕೆ ತಿರುಗಿತ್ತು, ಹಾರುವ ಮೀನುಗಳು ಚಿಲ್ಲನೆ ಎದ್ದು ಬೀಳುತ್ತಿದ್ದವು. ಎಲೆ ಆಡಿದೆವು, ಮಲಗಿದೆವು, ಕೂಪನ್ ಹಿಡಿದು ಸಾಲಿನಲ್ಲಿ ನಿಂತೆವು. ಒಂದು ಮಜಾ ಗಮನಿಸಿದೆ. ಗಡಿಯಾರ ಅದೇ ಇದ್ದರೂ ಸೂರ್ಯ ದಿನಾ ಸುಮಾರು ಇಪ್ಪತ್ತು ನಿಮಿಷ ಬೇಗ ಏಳುತ್ತಿದ್ದ. ಹಡಗು ಪೂರ್ವಕ್ಕೆ ಹೋದಂತೆ ಬೆಳಗು ನಮ್ಮ ಕಡೆಗೇ ನಡೆದು ಬರುತ್ತದೆ. ಅಂಡಮಾನಿನಲ್ಲಿ ವಿಜಯಪುರಕ್ಕಿಂತ ಒಂದು ತಾಸಿಗೂ ಮೊದಲೇ ಬೆಳಕು ಹರಿಯುತ್ತದೆ. ವಿಮಾನದಲ್ಲಿ ಬಂದಿದ್ದರೆ ಇದು ಪುಸ್ತಕದ ವಿಷಯ, ಇಲ್ಲಿ ಮೂರು ದಿನ ಕಣ್ಣಾರೆ ನೋಡಿದ್ದು. ಮೂರನೇ ಬೆಳಿಗ್ಗೆ ಹಸಿರು ಗೆರೆ ಕಂಡಾಗ ಇಡೀ ಹಾಲು ಖಾಲಿಯಾಗಿ ಡೆಕ್ಕಿಗೆ ಬಂತು, ಈರುಳ್ಳಿ ಚೀಲವೊಂದನ್ನು ಬಿಟ್ಟು.

ಇಳಿದದ್ದು ಪೋರ್ಟ್ ಬ್ಲೇರ್‌ನ ಹ್ಯಾಡೊ ಬಂದರಿನಲ್ಲಿ. 2024ರ ಸೆಪ್ಟೆಂಬರಿನಲ್ಲಿ ಆ ಊರಿಗೆ ಶ್ರೀ ವಿಜಯ ಪುರಂ ಅಂತ ಹೆಸರಿಟ್ಟರು. ನಮ್ಮ ಬಿಜಾಪುರ ವಿಜಯಪುರ ಆದದ್ದು 2014ರ ನವೆಂಬರಿನಲ್ಲಿ. ಸ್ವಲ್ಪ ತಡೆದು ಹೋಗಿದ್ದರೆ ವಿಜಯಪುರದಿಂದ ವಿಜಯಪುರಕ್ಕೆ ಮೂರು ದಿನ ಹಡಗಿನಲ್ಲಿ ಹೋಗಿದ್ದೆ ಅಂತ ಜನರನ್ನು ಗೊಂದಲ ಮಾಡಬಹುದಿತ್ತು. ವಾಪಸು ಬಂದದ್ದು ವಿಮಾನದಲ್ಲಿ, ಚೆನ್ನೈಗೆ ಎರಡು ತಾಸು ಚಿಲ್ಲರೆ. ಅದರ ಟಿಕೆಟ್ ನೋಡಿದರೆ ಹಡಗಿನ ಉಳಿತಾಯ ಎಲ್ಲಿ ಹೋಯಿತು ಅಂತ ಕೇಳಬೇಡಿ. ಬಂದಮೇಲೂ ಎರಡು ದಿನ ಸ್ನಾನದ ಮನೆಯ ನೆಲ ತೂಗುತ್ತಿತ್ತು.

ಹಾಗಾಗಿ ಮುದುಕರು, ಸಣ್ಣ ಮಕ್ಕಳು ಜೊತೆಗಿದ್ದರೆ ಅಲೆಪ್ಪಿ, ಅದೂ ಒಂದೇ ರಾತ್ರಿ. ಹತ್ತು ದಿನದ ರಜೆಯೂ ಗಟ್ಟಿ ಹೊಟ್ಟೆಯೂ ಎರಡೂ ಇದ್ದವರು ಹಡಗು ಹತ್ತಿ. ಸುಂದರಬನಕ್ಕೆ ಡಿಸೆಂಬರ್, ಜನವರಿಯಲ್ಲಿ ಹೋಗಿ, ಬೇಸಿಗೆಯಲ್ಲಿ ಆ ಕೆಳಗಿನ ಗುಂಡಿಯಲ್ಲಿ ಮಲಗುವುದು ಸಾಧ್ಯವೇ ಇಲ್ಲ. ದೋಣಿ ನೋಡದೆ ಪೂರ್ತಿ ರೊಕ್ಕ ಕೊಡಬೇಡಿ. ಸಂಡಾಸದ ಚಿಲಕ ಎಳೆದು ನೋಡಿ.

ಮೊನ್ನೆ ಕಾಕಾ ಹತ್ತಿರ ಕೂತು ಇದನ್ನೆಲ್ಲ ಲೆಕ್ಕ ಹಾಕುತ್ತಿದ್ದೆ. ಸೊಂಟ ನೋವು, ಡೀಸೆಲ್ ವಾಸನೆ, ಬಾಗಿಲು ಹಿಡಿದು ಹೇಳಿದ ವಚನ, ಎಲ್ಲ ಮತ್ತೆ ಬೈದರು. ಆಮೇಲೆ ಚಸ್ಮಾ ತೆಗೆದು ಒರೆಸಿಕೊಳ್ಳುತ್ತ, "ಎರಡು ಸಂಡಾಸ ಇರೂ ದೋಣಿ ಸಿಕ್ಕರ ಹೇಳು, ಆ ಹ್ಯಾಮಿಲ್ಟನ್‌ನ ಬಡ್ಡಿ ಲೆಕ್ಕ ಇನ್ನೂ ಕೇಳೂದೈತಿ" ಅಂದರು.